ಸಾವಿನ ಹಿಂದೆ ಬರುವ ಮಾತು

ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಅರಬೈಲು ಘಟ್ಟದ ದಾರಿ ನಮಗೆ ಹೊಸದಲ್ಲ. ಮದುವೆಗೆ, ಮುಂಜಿಗೆ, ಕಡಲು ನೋಡುವ ಆಸೆಗೆ ನಾವು ಇಳಿಯುವುದು ಅದೇ ದಾರಿಯಲ್ಲಿ. 2025ರ ಜನವರಿ 22, ಬುಧವಾರ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಆ ದಾರಿಯ ಗುಳ್ಳಾಪುರದ ಬಳಿ ಕಾಯಿಪಲ್ಯ ತುಂಬಿದ ಲಾರಿಯೊಂದು ಕಂದಕಕ್ಕೆ ಉರುಳಿತು. ಸವಣೂರಿನ ವ್ಯಾಪಾರಿಗಳು ಕುಮಟೆಯ ಸಂತೆಗೆಂದು ಹೊರಟವರು. ಸರಕಿನೊಡನೆ ತಾವೂ ಕುಳಿತಿದ್ದರು. 10 ಮಂದಿ ತೀರಿಕೊಂಡರು. ಅದೇ ಸುಮಾರಿಗೆ ಸಿಂಧನೂರಿನ ಬಳಿ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳಿದ್ದ ವಾಹನ ಮಗುಚಿ 4 ಮಂದಿ ಸತ್ತರು. ಸುದ್ದಿಯಲ್ಲಿ ಎರಡೂ ಕೂಡಿ 14 ಆಯಿತು. ಕೂಡುವ ಲೆಕ್ಕ ಸುದ್ದಿಗೆ ಬೇಕು, ಮನೆಗೆ ಅದರಿಂದೇನು?

ಮಧ್ಯಾಹ್ನದ ಹೊತ್ತಿಗೆ ಪೇಟೆಯ ಚಹದಂಗಡಿಯಲ್ಲಿ ತೀರ್ಪು ಆಗಿಹೋಗಿತ್ತು. "ಸರಕಿನ ಗಾಡಿಯಲ್ಲಿ ಮನುಷ್ಯರು ಕೂರುವುದೇ? ಅವರದೇ ತಪ್ಪು" ಎಂದರು ಒಬ್ಬರು. ನಾನೂ ತಲೆಯಾಡಿಸಿದೆ. ಕಾನೂನಿನ ಮಾತು ಸರಿಯೇ. ಆದರೆ ಬಯಲುಸೀಮೆಯ ಬದನೆ, ಮೆಣಸಿನಕಾಯಿಯನ್ನು ಕರಾವಳಿಗೆ ಒಯ್ದು ಮಾರುವವನು ತನ್ನ ಮೂಟೆಯನ್ನು ಬಿಟ್ಟು ಬೇರೆ ಬಸ್ಸು ಹಿಡಿದರೆ, ಸಂತೆಯಲ್ಲಿ ಉಳಿಯುವ ಲಾಭವೆಷ್ಟು? ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಸರಕಾರಗಳು ಪರಿಹಾರ ಘೋಷಿಸಿದಾಗ ಮಾತು ದುಡ್ಡಿನ ಕಡೆಗೆ ತಿರುಗಿತು.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಹಲವು ವರ್ಷ ಪಾಠ ಹೇಳಿದ್ದೇನೆ. ಲೋಹಿತಾಶ್ವನೂ ದುಡಿಯಲು ಹೋದವನೇ. ಒಡೆಯನ ಕೆಲಸಕ್ಕೆಂದು ಕಾಡಿಗೆ ಹೋಗಿ ಹಾವು ಕಚ್ಚಿ ಸತ್ತ. ಚಂದ್ರಮತಿಗೆ ಒಡನೆ ಓಡಿಹೋಗುವ ಬಿಡುಗಡೆಯಿಲ್ಲ. ಮನೆಗೆಲಸ ಮುಗಿಸಿಕೊಂಡೇ ಇರುಳಿನಲ್ಲಿ ಮಗನ ಹೆಣವನ್ನು ಹುಡುಕಬೇಕು. ಸಾಲದೆಂಬಂತೆ, ಶಿಶುಹತ್ಯೆ ಮಾಡಿದಳೆಂಬ ಅಪವಾದ ಅವಳ ಮೇಲೆಯೇ ಬರುತ್ತದೆ. ಇದು ಸತ್ಯಪರೀಕ್ಷೆಯ ಕೊನೆಯ ಮೆಟ್ಟಿಲೆಂದು ತರಗತಿಯಲ್ಲಿ ವಿವರಿಸುತ್ತಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಸಾವು ಹೊಕ್ಕ ಮನೆಯ ಬಾಗಿಲಿಗೆ ಅಪವಾದ ತಡಮಾಡದೆ ಬರುವುದನ್ನು ಕವಿ ತನ್ನ ಸುತ್ತಲೇ ಕಂಡಿದ್ದನೇನೊ.

ಇದನ್ನು ಬರೆಯುವಾಗ ನನ್ನ ಚಿಕ್ಕಪ್ಪನ ನೆನಪಾಗುತ್ತದೆ. ಒಂದು ಆಷಾಢದಲ್ಲಿ, ಅಡಕೆಗೆ ಕೊಳೆರೋಗ ಬಂದ ವರ್ಷ, ತೋಟಕ್ಕೆ ಹೋದವನು ಸಂಜೆ ಕೆರೆಯಲ್ಲಿ ಸಿಕ್ಕ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿದ ಗುರುತು ಸ್ಪಷ್ಟವಾಗಿತ್ತು. ಊರು ಅದನ್ನು ಒಪ್ಪಲಿಲ್ಲ. ಸಾಲವಿತ್ತಂತೆ, ಹೆಂಡತಿಯೊಡನೆ ಜಗಳವಿತ್ತಂತೆ. ಸೂತಕ ಕಳೆಯುವುದರೊಳಗೆ ‘ಅಂತೆ’ಗಳು ಬೆಳೆದು ನಿಂತವು. ಸಾಲ ಇದ್ದದ್ದು ನಿಜ, ಯಾರಿಗಿರಲಿಲ್ಲ? ಹದಿಮೂರನೆಯ ದಿನದ ಊಟಕ್ಕೆ ಬಂದವರೂ ಬಡಿಸುವ ಚಿಕ್ಕಮ್ಮನ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಗಂಡನ ಸಾವನ್ನು ಆಕೆ ಹೇಗೋ ಸಹಿಸಿಕೊಂಡಳು. ಆ ನೋಟಕ್ಕೆ ಅಂಜಿ ಮಾತ್ರ ನಾಲ್ಕು ವರ್ಷ ಯಾವ ಮದುವೆ ಮನೆಯ ಮೆಟ್ಟಿಲನ್ನೂ ಹತ್ತಲಿಲ್ಲ.

ಕೆಳಗಿನ ಮನೆಯ ಮುದುಕಿಯೊಬ್ಬಳಿದ್ದಳು. ಇಡೀ ಊರಿಗೆ ಜಗಳಗಂಟಿಯೆಂದು ಹೆಸರಾದವಳು. ಆ ಮಳೆಗಾಲ ಪೂರ್ತಿ ಬೆಳಿಗ್ಗೆ ಬಂದು ಕೊಟ್ಟಿಗೆಯ ಸಗಣಿ ಬಾಚಿ, ಹಾಲು ಕರೆದು, ತಂಬಿಗೆಯನ್ನು ಜಗಲಿಯ ಮೇಲಿಟ್ಟು ಹೋಗುತ್ತಿದ್ದಳು. ‘ಎಂತ ಆತು?’ ಎಂದು ಒಂದು ದಿನವೂ ಕೇಳಲಿಲ್ಲ. ಚಿಕ್ಕಮ್ಮ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಅವಳೆದುರಿಗೇ. ಅದೂ ಒಂದು ಬೆಳಿಗ್ಗೆ ಕರು ಹಗ್ಗ ಬಿಚ್ಚಿಕೊಂಡು ಹಾಲನ್ನೆಲ್ಲ ಕುಡಿದುಬಿಟ್ಟಿತೆಂಬ ನೆಪದಲ್ಲಿ.