ತೂಕವೊಂದೇ, ಕೊಬ್ಬು ಬೇರೆ

ವಿದ್ಯಾರ್ಥಿಗಳೊಡನೆ ಜೋಯಿಡಾ ತಾಲ್ಲೂಕಿನ ಕುಂಬಾರವಾಡಕ್ಕೆ ನಾವು ಹೋಗಿದ್ದಾಗ ಅಲ್ಲೊಂದು ಆರೋಗ್ಯ ತಪಾಸಣೆಯ ಶಿಬಿರ ನಡೆದಿತ್ತು. ತೂಕದ ಯಂತ್ರದ ಮೇಲೆ ನಮಗಿಂತ ಮೊದಲು ನಿಂತವರು ಕುಣಬಿ ಜನಾಂಗದ ಒಬ್ಬ ರೈತರು. ತೂಕ 65 ಕಿಲೋಗ್ರಾಂ, ಎತ್ತರ 165 ಸೆಂಟಿಮೀಟರ್. ನಮ್ಮ ತೂಕ, ಎತ್ತರಗಳೂ ಅಷ್ಟೇ! ಆದರೆ ಸೊಂಟದ ಸುತ್ತಳತೆ ಅವರದು 77 ಸೆಂಟಿಮೀಟರ್, ನಮ್ಮದು 91. ವಿದ್ಯಾರ್ಥಿಗಳು ನಕ್ಕರು, ನಾವೂ ನಕ್ಕೆವು. ಆದರೆ ಭೌತಶಾಸ್ತ್ರ ಬೋಧಿಸುವವರಿಗೆ ಆ 14 ಸೆಂಟಿಮೀಟರಿನ ಅಂತರ ನಗೆಯಲ್ಲಿ ತೀರುವಂಥದಲ್ಲ.

ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವುದೇ ದೇಹತೂಕ ಸೂಚ್ಯಂಕ. ಇದರ ಮೂಲಪುರುಷ 19ನೆಯ ಶತಮಾನದ ಬೆಲ್ಜಿಯಂ ದೇಶದ ಕೆಟ್ಲೆ. ಅವನು ಹುಡುಕುತ್ತಿದ್ದುದು ‘ಸರಾಸರಿ ಮಾನವ’ನನ್ನು, ಹೃದ್ರೋಗದ ಚಿಂತೆ ಅವನಿಗಿರಲಿಲ್ಲ. ನಮ್ಮಿಬ್ಬರ ಸೂಚ್ಯಂಕವೂ ಸುಮಾರು 24. ಭಾರತೀಯರಿಗೆ 23ರಿಂದಲೇ ಅಧಿಕ ತೂಕವೆಂದು ವೈದ್ಯರು ಎಣಿಸುವುದುಂಟು. ಹಾಗಾದರೆ ಆ ಗಟ್ಟಿಮುಟ್ಟಾದ ರೈತರೂ ನಮ್ಮ ಸಾಲಿಗೇ ಸೇರಬೇಕಾಯಿತು! ಸೂಚ್ಯಂಕವು ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಲಾರದು.

ಬೇರ್ಪಡಿಸುವ ಬಗೆ ಹೇಗೆ? ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.9 ಗ್ರಾಂ, ಉಳಿದ ದೇಹದ್ದು ಸುಮಾರು 1.1. ಆದುದರಿಂದ ಮನುಷ್ಯನನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ ಆರ್ಕಿಮಿಡೀಸನ ತತ್ತ್ವದಿಂದಲೇ ಕೊಬ್ಬಿನ ಪಾಲನ್ನು ಗಣಿಸಬಹುದು. ಇನ್ನೊಂದು ಉಪಾಯವೂ ಉಂಟು. ಮಡಕೆ ಕೊಳ್ಳುವವರು ಅದನ್ನು ತೂಗುವುದಿಲ್ಲ, ಬೆರಳಿನಿಂದ ತಟ್ಟಿ ನೋಡುತ್ತಾರೆ. ದೇಹವನ್ನು ವಿದ್ಯುತ್ತಿನಿಂದ ತಟ್ಟಿ ನೋಡಬಹುದು. ಸ್ನಾಯುವಿನಲ್ಲಿ ಲವಣಯುಕ್ತ ನೀರು ಹೇರಳ. ಕ್ಷೀಣವಾದ ಪ್ರವಾಹವೂ ಸುಲಭವಾಗಿ ಹರಿಯುವುದು. ಕೊಬ್ಬಿನಲ್ಲಿ ನೀರು ಅಲ್ಪ, ರೋಧ ಅಧಿಕ.

ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ಯುಡ್ಕಿನರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ಒಡ್ಡಿಕೊಂಡರು. ಇಬ್ಬರ ಸೂಚ್ಯಂಕವೂ 22.3. ಕೊಬ್ಬು ಮಾತ್ರ ಯುಡ್ಕಿನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2.

ಕೊಬ್ಬು ಎಷ್ಟಿದೆಯೆಂಬುದಕ್ಕಿಂತಲೂ ಎಲ್ಲಿದೆಯೆಂಬುದು ಮುಖ್ಯ. ತೊಡೆಯ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಕರುಳುಗಳ ಸುತ್ತ ಕೂಡಿದ ಕೊಬ್ಬಿನಿಂದ ಹೊರಟ ಮೇದಾಮ್ಲಗಳು ನೇರವಾಗಿ ಯಕೃತ್ತನ್ನು ಸೇರುವುವು. ಯಕೃತ್ತು ಅವನ್ನು ಟ್ರೈಗ್ಲಿಸರೈಡುಗಳನ್ನಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಆಜ್ಞೆಗೆ ಕಿವುಡಾಗುತ್ತದೆ. ಸಕ್ಕರೆ ಏರುವುದು, ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು, ರಕ್ತದೊತ್ತಡ ಹೆಚ್ಚುವುದು. ಹೃದಯದ ಧಮನಿಗಳ ಒಳಗೋಡೆ ವರ್ಷಗಟ್ಟಲೆ ಸದ್ದಿಲ್ಲದೆ ದಪ್ಪವಾಗುವುದು. ಊಟದ ತರುವಾಯ ರಕ್ತದ ಸಕ್ಕರೆಯನ್ನು ಬಹುಪಾಲು ಹೀರುವುದು ಸ್ನಾಯು. ದುಡಿಯುವ ರೈತರಲ್ಲಿ ಆ ಉಗ್ರಾಣ ದೊಡ್ಡದು. ಕುರ್ಚಿಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುವ ನಮ್ಮಲ್ಲಿ ಚಿಕ್ಕದು.

ಈ ಕಥೆ ತೊಟ್ಟಿಲಿನಲ್ಲಿಯೇ ಪ್ರಾರಂಭವಾಗುವುದೆಂಬುದಕ್ಕೆ ನಮ್ಮ ಮೈಸೂರೇ ಸಾಕ್ಷ್ಯ ನೀಡಿತು. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹುಟ್ಟುವಾಗ 2.5 ಕಿಲೋಗ್ರಾಂ ಅಥವಾ ಕಡಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯಧಮನಿಯ ರೋಗವಿತ್ತು; 3.1 ಕಿಲೋಗ್ರಾಂ ಅಥವಾ ಹೆಚ್ಚು ತೂಗಿದವರಲ್ಲಿ ಶೇಕಡಾ 3 ಮಾತ್ರ. ನಮ್ಮ ನಾಡಿನ ಬಡಕಲು ಶಿಶುವಿನಲ್ಲಿ ಕೊರತೆ ಬೀಳುವುದು ಮುಖ್ಯವಾಗಿ ಸ್ನಾಯುವಿಗೆ, ಕೊಬ್ಬಿಗಲ್ಲ ಎಂದು ಪುಣೆಯ ಸಂಶೋಧನೆಗಳು ಮುಂದೆ ತೋರಿಸಿದುವು.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ನಿಮ್ಮ ಎತ್ತರದಷ್ಟು ದಾರವನ್ನು ಕತ್ತರಿಸಿ, ಅರ್ಧಕ್ಕೆ ಮಡಿಸಿ ಸೊಂಟಕ್ಕೆ ಸುತ್ತಿರಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು ಮೋಸ! ತುದಿಗಳು ಕೂಡಿದರೆ ಸರಿ. ಕುಂಬಾರವಾಡದ ರೈತರ ಸೊಂಟ ಸುತ್ತಿಯೂ ದಾರ ಐದೂವರೆ ಸೆಂಟಿಮೀಟರ್ ಮಿಕ್ಕಿತು. ನಮಗೆ ಎಂಟೂವರೆ ಸೆಂಟಿಮೀಟರ್ ಸಾಲದೆ ಬಂದಿತು. ಅಂದೇ ರಕ್ತಪರೀಕ್ಷೆಗೆ ಹೆಸರು ಬರೆಯಿಸಿದೆವು.