ಅವಮಾನಕ್ಕೂ ಕುಡಿತಕ್ಕೂ ಇರುವ ನಂಟು

ತಾರತಮ್ಯದ ಪೆಟ್ಟು ಮನಸ್ಸಿನ ಜೊತೆಗೆ ಮೈಗೂ ತಟ್ಟುತ್ತದೆ. ಜಾತಿ, ಬಣ್ಣ, ಲಿಂಗದ ಕಾರಣಕ್ಕೆ ಹೀಯಾಳಿಕೆ ಎದುರಾದಾಗ ಎದೆಬಡಿತ ಏರುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಅವಮಾನ ದಿನನಿತ್ಯದ್ದಾದರೆ ಈ ಬಿಗಿತ ಸಡಿಲಗೊಳ್ಳುವುದೇ ಕಷ್ಟ. ಮದ್ಯ ಅದನ್ನು ಕೆಲವು ಗಂಟೆ ಮಂಕಾಗಿಸುತ್ತದೆ. ಅಮಲು ಇಳಿದ ಮೇಲೆ ಆತಂಕ ಇನ್ನಷ್ಟು ಜೋರಾಗಿ ಮರಳುತ್ತದೆ. ಮತ್ತೆ ಕುಡಿಯಬೇಕೆನಿಸುತ್ತದೆ, ಪ್ರಮಾಣವೂ ಏರುತ್ತದೆ.

ಕೋಲಾರದ ಚಿನ್ನದ ಗಣಿ ಪ್ರದೇಶ ಕೆಜಿಎಫ್‌ನಲ್ಲಿ ಅವಮಾನ, ಕುಡಿತಗಳ ಈ ನಂಟು ಕಣ್ಣೆದುರೇ ಇತ್ತು. ಅಲ್ಲಿನ ಕೆಲವು ದಲಿತ ಕುಟುಂಬಗಳು ಒಣ ಶೌಚಾಲಯಗಳ ಮಲವನ್ನು ಕೈಯಿಂದ ಬಾಚಿ ಹೊರುತ್ತಿದ್ದವು. ಅಂಥದೇ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮೊದಲು ಈ ಕಾರ್ಮಿಕರ ಕುಡಿತ ಬಿಡಿಸಲು ಹೊರಟರು. ಕುಡಿಯದೆ ಈ ಕೆಲಸ ಮಾಡಲಾಗದು ಎಂಬ ಉತ್ತರ ಸಿಕ್ಕಿತು. ರೋಗದ ಬೇರು ಆ ಕೆಲಸದಲ್ಲಿ, ಅದನ್ನು ಹುಟ್ಟಿನಿಂದಲೇ ಹೊರಿಸಿದ ಜಾತಿಯಲ್ಲಿ ಇತ್ತು. ವಿಲ್ಸನ್ ಅದರ ವಿರುದ್ಧವೇ ಹೋರಾಟ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರುವ ಪದ್ಧತಿಯನ್ನು 1993ರ ಮತ್ತು 2013ರ ಕಾಯ್ದೆಗಳು ನಿಷೇಧಿಸಿವೆ.

ತಾರತಮ್ಯ ಉಂಡವರೆಲ್ಲ ಕುಡಿತಕ್ಕೆ ಬೀಳುವುದಿಲ್ಲ. ಮನೆಯವರ ಆಸರೆ, ಸಂಘಟನೆಯ ಬಲ ಅನೇಕರನ್ನು ಕಾಯುತ್ತದೆ. ಆದರೆ ಇಡೀ ಸಮುದಾಯಕ್ಕೇ ಕುಡುಕರೆಂಬ ಹಣೆಪಟ್ಟಿ ಹಚ್ಚುವುದು ಅದೇ ತಾರತಮ್ಯದ ಎರಡನೇ ಏಟು, ಅತ್ಯಂತ ಅನ್ಯಾಯದ ಏಟು. ಅದಕ್ಕೆ ಅಂಜಿ ಎಷ್ಟೋ ಮಂದಿ ಚಿಕಿತ್ಸೆ ಕೇಳಲು ಹಿಂಜರಿಯುತ್ತಾರೆ. ವ್ಯಸನದಿಂದ ಹೊರಬರಲು ನೆರವು ಬೇಕಾದವರು ರಾಷ್ಟ್ರೀಯ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.