ಮಂಗನ ಕಾಯಿಲೆ ಲಸಿಕೆಯ ಲೆಕ್ಕಾಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೆ ಸೊಪ್ಪಿನಬೆಟ್ಟವೇ ಆಧಾರ. ಬೆಟ್ಟದಲ್ಲಿ ದರಕು ಗುಡಿಸುವ ಬೇಸಿಗೆಯಲ್ಲೇ ಉಣುಗು ಮೈಗೆ ಹತ್ತುತ್ತದೆ, ಅದರಿಂದ ಹರಡುವ ಮಂಗನ ಕಾಯಿಲೆಯೂ ಆಗಲೇ ಬರುತ್ತದೆ. 2024ರಲ್ಲಿ ಅದು ಸಿದ್ದಾಪುರ ತಾಲ್ಲೂಕನ್ನು ಕಾಡಿದಾಗ ಕೊಡಲು ಲಸಿಕೆಯೇ ಇರಲಿಲ್ಲ. ಇದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿತ್ತು. ಏಕೆಂದು ತಿಳಿಯಲು ಸಂಖ್ಯಾಶಾಸ್ತ್ರದ ಪಠ್ಯ ಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾಯಿತು. ವೈರಸ್ಸು ರಷ್ಯಾದ ಮಿದುಳು ಜ್ವರದ ವೈರಸ್ಸಿನ ಬಂಧು. ಆ ಜ್ವರದ ಲಸಿಕೆಯನ್ನೇ ಮೊದಲು ಇಲ್ಲಿ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಆಮೇಲೆ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. ರಾಜ್ಯದ ಮೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಪರೀಕ್ಷೆಯ ವರದಿ 1994ರಲ್ಲಿ ಪ್ರಕಟವಾಯಿತು: ಒಂದು ಡೋಸಿಗೆ ಶೇ 79.3, ಎರಡಕ್ಕೆ ಶೇ 93.5 ರಕ್ಷಣೆ.

ಈ ಶೇಕಡಾವಾರು ಹುಟ್ಟುವ ಬಗೆ ಸರಳ. ಲಸಿಕೆ ಪಡೆಯದ ಸಾವಿರ ಜನರಲ್ಲಿ ಹತ್ತು ಮಂದಿಗೆ, ಪಡೆದ ಸಾವಿರದಲ್ಲಿ ಮೂವರಿಗೆ ರೋಗ ಬಂದರೆ ರಕ್ಷಣೆ ಶೇ 70. ಆದರೆ ಎರಡೂ ಗುಂಪು ಒಂದೇ ಥರದವೇ? ಲಸಿಕೆಗೆ ತಾವಾಗಿ ಬಂದವರು ಉಣುಗನ್ನು ದೂರವಿಡುವ ಡೆಪಾ ತೈಲವನ್ನೂ ತಪ್ಪದೆ ಹಚ್ಚಿಕೊಳ್ಳುವವರಾದರೆ ತೈಲದ ಪುಣ್ಯವೂ ಲಸಿಕೆಯ ಖಾತೆಗೆ ಸೇರುತ್ತದೆ. ಬ್ರಿಟನ್ನಿನ ಬ್ರಾಡ್‌ಫೋರ್ಡ್ ಹಿಲ್ 1937ರಲ್ಲಿ ವೈದ್ಯರಿಗಾಗಿ ಸಂಖ್ಯಾಶಾಸ್ತ್ರದ ಪಠ್ಯ ಬರೆದರು. 1948ರಲ್ಲಿ ವರದಿಯಾದ ಕ್ಷಯದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿ, ಯಾರಿಗೆ ಮದ್ದು ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕ ಸಂಖ್ಯೆಗಳಿಗೆ ಒಪ್ಪಿಸಿದರು. ಅದು ಗುಂಪುಗಳ ಈ ಅಸಮಾನತೆಗೆ ಕಂಡುಕೊಂಡ ಮದ್ದು.

2005–10ರ ಅಂಕಿಅಂಶ ಹಿಡಿದು ನಮ್ಮ ಲಸಿಕೆಯನ್ನು ಮತ್ತೆ ಅಳೆದಾಗ, 2013ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು. ಒಂದು ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಎರಡಕ್ಕೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಪಠ್ಯ ಕಲಿಸುವ ಮುಖ್ಯ ಪಾಠ ಇಲ್ಲಿದೆ: ಒಂಟಿ ಅಂಕಿಯನ್ನು ನಂಬಬೇಡಿ, ಅದರ ವಿಶ್ವಾಸಾರ್ಹ ವ್ಯಾಪ್ತಿಯನ್ನೂ, ಎಂದರೆ ನಿಜವಾದ ಅಂಕಿ ಇರಬಹುದಾದ ಎಲ್ಲೆಗಳನ್ನೂ ನೋಡಿ. ಎರಡು ಡೋಸಿನ ವ್ಯಾಪ್ತಿ 26.1ರಿಂದ 80.8, ಬೂಸ್ಟರಿನದು 71.3ರಿಂದ 89.8. ಹಳೆಯ 93.5 ಎರಡರಲ್ಲೂ ಹಿಡಿಸುವುದಿಲ್ಲ. ಹಾಗಾಗಿ ಈ ಕುಸಿತವನ್ನು ಆಕಸ್ಮಿಕ ಎಂದು ತಳ್ಳಿಹಾಕುವಂತಿಲ್ಲ.

ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ರೂಪಿಸುತ್ತಿವೆ. ಅದು ನಮ್ಮ ಊರಿಗೆ ಬಂದಾಗ ಮೂರು ಪ್ರಶ್ನೆ ಕೇಳೋಣ: ಯಾರೊಂದಿಗೆ ಹೋಲಿಸಿದಿರಿ, ಗುಂಪುಗಳನ್ನು ಹೇಗೆ ಹಂಚಿದಿರಿ, ವ್ಯಾಪ್ತಿ ಎಷ್ಟು?